ಹೆಜ್ಜೆ ಮರಳಿ ಕೊಟ್ಟ ವೈದ್ಯ

ಬೆಳಗಾವಿ ಜಿಲ್ಲೆಯ ಯರಗಟ್ಟಿಯ ಸುತ್ತಣ ಎರೆಹೊಲಗಳಲ್ಲಿ ದುಡಿಯುವ ರೈತನಿಗೆ ತನ್ನ ಸೊಂಟದ ಕೀಲಿನ ನೆನಪೇ ಇರುವುದಿಲ್ಲ. ಆತನು ಕುಂಟೆಯ ಹಿಂದೆ ನಡೆಯುತ್ತಾನೆ. ಕಳೆ ತೆಗೆಯಲು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಊಟಕ್ಕೆ ಚಕ್ಕಳಮಕ್ಕಳ ಹಾಕುತ್ತಾನೆ. ಜಾತ್ರೆಗೆಂದು ಎಲ್ಲಮ್ಮನ ಗುಡ್ಡವನ್ನು ಏರುತ್ತಾನೆ. ತೊಡೆಯ ಎಲುಬಿನ ಮೇಲ್ತುದಿಯ ಚೆಂಡು ಸೊಂಟದೆಲುಬಿನ ಬಟ್ಟಲಿನೊಳಗೆ ಸದ್ದಿಲ್ಲದೆ ತಿರುಗುವುದರಿಂದಲೇ ಇವೆಲ್ಲ ಸಾಧ್ಯವಾಗುತ್ತವೆ. ಎಲುಬಿನ ಮೇಲಣ ನುಣುಪಾದ ಮೃದ್ವಸ್ಥಿಯು ಸವೆದುಹೋದರೆ ಒಂದೊಂದು ಹೆಜ್ಜೆಯೂ ನೋವಾಗುತ್ತದೆ. ಅಂಥ ಕೀಲನ್ನು ತೆಗೆದು ಕೃತಕ ಕೀಲನ್ನು ಜೋಡಿಸುವ ಶಸ್ತ್ರಚಿಕಿತ್ಸೆ ಇಂದು ಬೆಳಗಾವಿ, ಹುಬ್ಬಳ್ಳಿಗಳಲ್ಲಿಯೂ ನಡೆಯುತ್ತದೆ. ಅದನ್ನು ನಂಬತಕ್ಕ ಚಿಕಿತ್ಸೆಯಾಗಿ ರೂಪಿಸಿದವರು ಇಂಗ್ಲೆಂಡಿನ ಸರ್ ಜಾನ್ ಚಾರ್ನ್ಲಿಯವರು. ಅವರ ಗೆಲುವಿನ ಬುಡದಲ್ಲಿ ಒಂದು ದೊಡ್ಡ ಸೋಲಿದೆ. ಆ ಸೋಲಿನೊಡನೆ ಅವರು ನಡೆದುಕೊಂಡ ರೀತಿಯೇ ಅವರನ್ನು ದೊಡ್ಡವರನ್ನಾಗಿ ಮಾಡಿತು.

ಚಾರ್ನ್ಲಿಯವರು 1911ರ ಆಗಸ್ಟ್ 29ರಂದು ಲ್ಯಾಂಕಾಷೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಔಷಧ ವ್ಯಾಪಾರಿ, ತಾಯಿ ದಾದಿಯಾಗಿದ್ದವರು. ಮ್ಯಾಂಚೆಸ್ಟರಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1935ರಲ್ಲಿ ಪದವಿ ಪಡೆದರು. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ವೈದ್ಯದಳವನ್ನು ಸೇರಿ ಈಜಿಪ್ಟಿಗೆ ಹೋದರು. ಅಲ್ಲಿನ ಕಾರ್ಯಾಗಾರದಲ್ಲಿ ಗಾಯಾಳುಗಳ ಕೈಕಾಲಿಗೆ ಕಟ್ಟುವ ದಬ್ಬೆಗಳನ್ನೂ ಉಪಕರಣಗಳನ್ನೂ ಮಾಡಿಸುತ್ತ ಯಂತ್ರಕುಶಲಿಯ ದೃಷ್ಟಿಯನ್ನು ಬೆಳೆಸಿಕೊಂಡರು. ಪ್ರಯೋಗಕ್ಕೆ ತಮ್ಮ ದೇಹವನ್ನೇ ಒಡ್ಡುವ ಗುಣ ಅವರಲ್ಲಿ ಮೊದಲಿನಿಂದಲೂ ಇತ್ತು. ಕಸಿಮಾಡಿದ ಎಲುಬು ಹೇಗೆ ಕೂಡಿಕೊಳ್ಳುತ್ತದೆಂದು ತಿಳಿಯಲು ತಮ್ಮ ಕಾಲಿನ ಎಲುಬಿನ ಮೇಲೆಯೇ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಅದಕ್ಕೆ ನಂಜೇರಿ ಬಹಳ ಕಷ್ಟಪಟ್ಟರು.

ಆ ಕಾಲದಲ್ಲಿ ಕೆಲವು ವೈದ್ಯರು ತೊಡೆಯೆಲುಬಿಗೆ ಅಕ್ರಿಲಿಕ್‌ನ ಚೆಂಡನ್ನು ಜೋಡಿಸುತ್ತಿದ್ದರು. ಅಂಥ ಚೆಂಡನ್ನು ಧರಿಸಿದ ರೋಗಿಯೊಬ್ಬನು ಚಾರ್ನ್ಲಿಯವರ ಬಳಿಗೆ ಬಂದನು. ಊಟದ ಮೇಜಿನ ಮುಂದೆ ಬಾಗಿದಾಗಲೆಲ್ಲ ಆತನ ಕೀಲು ಕೀಲೆಣ್ಣೆ ಕಾಣದ ಬಂಡಿಯಂತೆ ಕಿರುಗುಟ್ಟುತ್ತಿತ್ತು. ಆ ಸದ್ದನ್ನು ತಾಳಲಾರದೆ ಹೆಂಡತಿಯು ಎದ್ದುಹೋಗುತ್ತಿದ್ದಳಂತೆ. ಇತರರು ಕೇಳಿ ನಕ್ಕುಬಿಡಬಹುದಾಗಿದ್ದ ಈ ಸಂಗತಿ ಚಾರ್ನ್ಲಿಯವರನ್ನು ಚಿಂತೆಗೆ ಹಚ್ಚಿತು. ಕಿರುಗುಟ್ಟುವ ಕಡೆ ಘರ್ಷಣೆಯಿದೆ. ಘರ್ಷಣೆಯಿದ್ದ ಕಡೆ ಕೃತಕ ಕೀಲು ಎಲುಬಿನಿಂದ ಸಡಿಲಗೊಳ್ಳುವುದು ನಿಶ್ಚಯ ಎಂದು ಅವರು ತರ್ಕಿಸಿದರು.

ಘರ್ಷಣೆಯನ್ನು ಕಡಿಮೆಮಾಡುವುದೇ ಅವರ ಗುರಿಯಾಯಿತು. ವಿಗನ್ ಪಟ್ಟಣದ ಸಮೀಪದ ರೈಟಿಂಗ್ಟನ್ನಿನಲ್ಲಿ, ಹಿಂದೆ ಕ್ಷಯರೋಗಿಗಳಿಗಾಗಿ ಇದ್ದ ಆಸ್ಪತ್ರೆಯಲ್ಲಿ ಅವರು ಕೆಲಸವನ್ನು ಆರಂಭಿಸಿದರು. ಲೋಹದ ಚೆಂಡು ಚಿಕ್ಕದಾದಷ್ಟೂ ಬಟ್ಟಲನ್ನು ತಿರುಚುವ ಬಲ ಕಡಿಮೆಯಾಗುತ್ತದೆಂದು ಕಂಡು, ಕೊನೆಗೆ ಚೆಂಡಿನ ವ್ಯಾಸವನ್ನು ಸುಮಾರು 22 ಮಿಲಿಮೀಟರಿಗೆ ಇಳಿಸಿದರು. ದಂತವೈದ್ಯರು ಬಳಸುತ್ತಿದ್ದ ಅಕ್ರಿಲಿಕ್ ಅಂಟನ್ನು ಗಾರೆಯಂತೆ ತುಂಬಿ ಕೀಲನ್ನು ಎಲುಬಿಗೆ ಭದ್ರಪಡಿಸಿದರು. ಬಟ್ಟಲಿಗಾಗಿ ಅತ್ಯಂತ ಜಾರುವ ವಸ್ತುವಾದ ಟೆಫ್ಲಾನನ್ನು ಆರಿಸಿಕೊಂಡರು. 1958ರಿಂದ ಮುಂದೆ ಸುಮಾರು 300 ರೋಗಿಗಳಿಗೆ ಈ ಬಟ್ಟಲನ್ನು ಜೋಡಿಸಿದರು. ವರ್ಷಗಟ್ಟಲೆ ಹಾಸಿಗೆ ಹಿಡಿದವರು ಎದ್ದು ನಡೆದರು. ಚಾರ್ನ್ಲಿಯವರ ಹೆಸರು ಎಲ್ಲೆಡೆ ಹಬ್ಬಿತು.

ಆ ಸಂತೋಷ ಬಹುಕಾಲ ಉಳಿಯಲಿಲ್ಲ. ಎರಡು ಮೂರು ವರ್ಷಗಳಲ್ಲಿಯೇ ಬಟ್ಟಲುಗಳು ಸವೆಯತೊಡಗಿದವು. ಸವೆದ ಪುಡಿಯು ಸುತ್ತಣ ಮಾಂಸವನ್ನು ಕೆರಳಿಸಿ ಗಂಟುಗಳನ್ನು ಎಬ್ಬಿಸಿತು, ಎಲುಬನ್ನೂ ಕೆಡಿಸಿತು. ಜಾರುವ ವಸ್ತುವು ಬಾಳುವ ವಸ್ತುವೂ ಆಗಿರಬೇಕಾಗಿಲ್ಲ ಎಂಬ ಪಾಠವನ್ನು ಕಲಿಸಿದ್ದು ರೋಗಿಗಳ ಮೈ. ಇದು ಚಾರ್ನ್ಲಿಯವರಿಗೆ ತಾಳಲಾರದ ನೋವಾಯಿತು. ಅವರು ತಪ್ಪನ್ನು ಮುಚ್ಚಿಡಲಿಲ್ಲ. ತಾವೇ ಜೋಡಿಸಿದ ಬಟ್ಟಲುಗಳನ್ನು ಒಂದೊಂದಾಗಿ ತಾವೇ ತೆಗೆಯುವ ಕಠಿಣ ಕೆಲಸಕ್ಕೆ ನಿಂತರು. ಟೆಫ್ಲಾನ್ ಪುಡಿಯನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು, ಅದು ಎಬ್ಬಿಸುವ ಗಂಟನ್ನು ಗಮನಿಸಿದರು.

1962ರಲ್ಲಿ ವ್ಯಾಪಾರಿಯೊಬ್ಬನು ಒಂದು ಹೊಸ ಪ್ಲಾಸ್ಟಿಕ್ಕನ್ನು ತಂದು ತೋರಿಸಿದನು. ಅದು ಲ್ಯಾಂಕಾಷೈರಿನ ಮಗ್ಗಗಳ ಹಲ್ಲುಗಾಲಿಗಳಿಗೆ ಬಳಕೆಯಾಗುತ್ತಿದ್ದ ಅಧಿಕ ಅಣುತೂಕದ ಪಾಲಿಥಿಲೀನ್. ಹಿಂದೊಂದು ಕಾಲದಲ್ಲಿ ಧಾರವಾಡ ಸೀಮೆಯ ಅರಳೆಯೂ ಹಡಗೇರಿ ಲ್ಯಾಂಕಾಷೈರಿನ ಗಿರಣಿಗಳನ್ನು ಸೇರುತ್ತಿತ್ತು. ಆ ನಾಡಿನ ನೇಯ್ಗೆಯ ಯಂತ್ರದಿಂದಲೇ ವೈದ್ಯಕ್ಕೆ ನೆರವು ಬಂದಿತು. ಚಾರ್ನ್ಲಿಯವರು ಮೊದಲು ಅದನ್ನು ಲಕ್ಷಿಸಲಿಲ್ಲ. ಅವರ ಪ್ರಯೋಗಶಾಲೆಯ ಕುಶಲಿ ಹ್ಯಾರಿ ಕ್ರೇವನ್ನರು ಮಾತ್ರ ಆ ತುಂಡನ್ನು ಸವೆತದ ಯಂತ್ರಕ್ಕೆ ಹಚ್ಚಿ ಹಗಲಿರುಳು ಓಡಿಸಿದರು. ಮೂರು ವಾರಗಳಾದರೂ ಅದು ಟೆಫ್ಲಾನ್ ಒಂದು ದಿನದಲ್ಲಿ ಸವೆಯುವಷ್ಟು ಕೂಡ ಸವೆದಿರಲಿಲ್ಲ. ಚಾರ್ನ್ಲಿಯವರು ತಮ್ಮ ಉಪೇಕ್ಷೆಯನ್ನು ಬಿಟ್ಟು ಸಹಾಯಕನ ಪರೀಕ್ಷೆಗೆ ತಲೆಬಾಗಿದರು. ಹಿಂದಿನ ಪೆಟ್ಟು ನೆನಪಿದ್ದುದರಿಂದ ಆ ಹೊಸ ವಸ್ತುವನ್ನೂ ಮೊದಲು ತಮ್ಮ ತೊಡೆಯಲ್ಲಿಯೇ ಇರಿಸಿಕೊಂಡು ನೋಡಿದರು. ಅದೇ ವರ್ಷದ ನವೆಂಬರಿನಲ್ಲಿ ಅದನ್ನು ರೋಗಿಗಳಿಗೆ ಬಳಸಲು ತೊಡಗಿದರು.

ಈ ಬಟ್ಟಲು ಬಾಳಿತು. ಆದರೂ ಚಾರ್ನ್ಲಿಯವರು ಅವಸರಪಡಲಿಲ್ಲ. ತಮ್ಮಲ್ಲಿ ತರಬೇತಿ ಪಡೆದ ವೈದ್ಯರಿಗಲ್ಲದೆ ಇತರರಿಗೆ ಕೀಲನ್ನು ಮಾರಬಾರದೆಂದು ಹಲವು ವರ್ಷ ತಡೆಹಿಡಿದರು. ಶಸ್ತ್ರಕ್ರಿಯೆಯ ಕೊಠಡಿಗೆ ಶೋಧಿಸಿದ ಗಾಳಿಯನ್ನು ಹಾಯಿಸುವ ಏರ್ಪಾಡು ಮಾಡಿ ನಂಜಿನ ಭಯವನ್ನು ಬಹುಮಟ್ಟಿಗೆ ತಗ್ಗಿಸಿದರು. ಮರಣಾನಂತರ ಕೃತಕ ಕೀಲನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ರೋಗಿಗಳನ್ನು ಕೇಳಿಕೊಂಡರು. ಅನೇಕರು ಕೃತಜ್ಞತೆಯಿಂದ ಒಪ್ಪಿದರು. 1974ರಲ್ಲಿ ಲಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ ಅವರಿಗೆ ದೊರೆತವು. 1982ರ ಆಗಸ್ಟ್ 5ರಂದು ಅವರು ತೀರಿಕೊಂಡರು.

ಅವರ ಕೊನೆಯ ದಶಕದಲ್ಲಿಯೇ ಕೀಲಿನ ಪರೀಕ್ಷೆಗೆ ಮತ್ತೊಂದು ಸಾಧನ ಒದಗಿತ್ತು. 1972ರ ಹೊತ್ತಿಗೆ ವಿಜ್ಞಾನಿಗಳು ಎಲುಬಿನ ಮೇಲೆ ಬೀಳುವ ಒತ್ತಡವನ್ನು ಗಣಕಯಂತ್ರದಲ್ಲಿ ಲೆಕ್ಕಹಾಕತೊಡಗಿದ್ದರು. ಎಲುಬನ್ನೂ ಕೀಲನ್ನೂ ಸಾವಿರಾರು ಸಣ್ಣ ತುಣುಕುಗಳೆಂದು ಭಾವಿಸಿ, ಒಂದೊಂದು ತುಣುಕಿನ ಮೇಲೆ ಬೀಳುವ ಭಾರವನ್ನು ಎಣಿಸುವುದೇ ಈ ವಿಧಾನ. ನಡೆದಾಡುವ ಮನುಷ್ಯನು ವರ್ಷಕ್ಕೆ ಒಂದೊಂದು ಕಾಲಿನ ಮೇಲೂ ಸುಮಾರು ಹತ್ತು ಲಕ್ಷ ಹೆಜ್ಜೆ ಇಡುತ್ತಾನೆ. ಹಲವು ವರ್ಷಗಳ ಹೆಜ್ಜೆಗಳಿಂದ ಆಗುವ ಸವೆತವನ್ನು ಗಣಕವು ಅಲ್ಪಕಾಲದಲ್ಲಿ ಅಂದಾಜು ಮಾಡುತ್ತದೆ. ಬಟ್ಟಲು ತುಸು ಓರೆಯಾಗಿ ಕುಳಿತರೆ ಏನಾದೀತು, ಭಾರವೆಲ್ಲ ಅಂಚಿನ ಮೇಲೆ ಬಿದ್ದರೆ ಏನಾದೀತು ಎಂಬುದನ್ನು ರೋಗಿಗೆ ನೋವಿಲ್ಲದೆ ತಿಳಿಯಬಹುದು.

ಆದರೆ ಗಣಕಕ್ಕೆ ಕೇಳದ ಪ್ರಶ್ನೆಗೆ ಅದು ಉತ್ತರ ಕೊಡದು. ಲೋಹದ ಬಟ್ಟಲಿನಲ್ಲಿ ಲೋಹದ ಚೆಂಡು ತಿರುಗುವ ಒಂದು ಬಗೆಯ ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು. ಆ ವೇಳೆಗೆ ಸುಮಾರು 93,000 ಕೀಲುಗಳು ಜನರ ಮೈ ಸೇರಿದ್ದವು. ಭಾರತದ ಸಾವಿರಾರು ರೋಗಿಗಳೂ ಅವರಲ್ಲಿದ್ದರು. ಅಂಚಿನಲ್ಲಿ ಸವೆದ ಲೋಹದ ಕಣಗಳು ಎಷ್ಟೋ ಜನರ ಮಾಂಸವನ್ನೂ ರಕ್ತವನ್ನೂ ಸೇರಿದ್ದವು. ಟೆಫ್ಲಾನಿನ ಪಾಠವನ್ನು ಲೋಕವು ಅರ್ಧ ಶತಮಾನದ ಬಳಿಕ ಮತ್ತೆ ಕಲಿಯಬೇಕಾಯಿತು.

ಕೀಲಿನ ಸವೆತದ ಪರೀಕ್ಷೆಗಳು ಬಹುಮಟ್ಟಿಗೆ ಸಮನೆಲದ ನಡಿಗೆಯನ್ನು ಆಧರಿಸಿ ಬೆಳೆದುಬಂದಿವೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವ, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವ ಯರಗಟ್ಟಿಯ ರೈತನ ಕೀಲು ಅದಕ್ಕಿಂತ ಬಹಳ ಹೆಚ್ಚು ಮಡಿಚುತ್ತದೆ. ಆತನ ಬಾಳುವೆಯ ರೀತಿಯನ್ನೂ ಲೆಕ್ಕಕ್ಕೆ ಸೇರಿಸಿದಾಗಲೇ ಆತನ ಮಟ್ಟಿಗೆ ಪರೀಕ್ಷೆ ಪೂರ್ಣವಾದೀತು. ಕೀಲಿನ ಸೋಲು ರೋಗಿಯ ಮೈಯಲ್ಲಿ ಕಾಣಿಸಿಕೊಳ್ಳುವ ಮೊದಲೇ ಪ್ರಯೋಗಶಾಲೆಯಲ್ಲಿ ಕಾಣಬೇಕು. ಹಾಗೆ ಕಾಣದೆಹೋದರೆ, ತಪ್ಪನ್ನು ಒಪ್ಪಿಕೊಂಡು ತಿದ್ದುವ ಧೈರ್ಯ ಬೇಕು. ಚಾರ್ನ್ಲಿಯವರು ಬದುಕಿ ತೋರಿಸಿದ ಧರ್ಮ ಇದೇ.