ಯೋಖೆನ್ ಲೀಟ್ಕೆ: ಮೈಕ್ರೊಸೆಕೆಂಡಿನ ಲೆಕ್ಕ

ಯೋಖೆನ್ ಲೀಟ್ಕೆ (1953–2001) ಜರ್ಮನಿಯವರು, ಗಣಿತ ಓದಿದವರು. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಚಿಕ್ಕದಿರಬೇಕೆಂಬುದು ಅವರ ಪಟ್ಟು. ಕರ್ನಲ್ ಚಿಕ್ಕದಾದರೆ ಪ್ರೋಗ್ರಾಂಗಳು ಮಾತುಮಾತಿಗೂ ಒಂದಕ್ಕೊಂದು ಸಂದೇಶ ಕಳುಹಿಸಬೇಕು. ಅಮೆರಿಕದ ಮ್ಯಾಕ್ ಕರ್ನಲ್‌ನಲ್ಲಿ ಇದು ಬಲು ನಿಧಾನ. ಈ ದಾರಿಯೇ ಬೇಡವೆಂದು ಹಲವರು ಕೈಚೆಲ್ಲಿದ್ದರು. ಲೀಟ್ಕೆ ಒಪ್ಪಲಿಲ್ಲ. ತಪ್ಪಿರುವುದು ತತ್ವದಲ್ಲಲ್ಲ, ಕಟ್ಟಿದ ರೀತಿಯಲ್ಲಿ ಎಂದು ವಾದಿಸಿದರು. ಕಳುಹಿಸುವುದನ್ನೂ ಉತ್ತರಕ್ಕೆ ಕಾಯುವುದನ್ನೂ ಒಂದೇ ಕರೆಯಲ್ಲಿ ಸೇರಿಸಿದರು. ಪುಟ್ಟ ಸಂದೇಶಗಳನ್ನು ರಿಜಿಸ್ಟರ್‌ಗಳಲ್ಲೇ ದಾಟಿಸಿದರು. 1993ರಲ್ಲಿ ಅಳತೆಯನ್ನೇ ಮುಂದಿಟ್ಟರು: 486 ಪ್ರೊಸೆಸರ್ ಮೇಲೆ ಮ್ಯಾಕ್‌ಗೆ 115 ಮೈಕ್ರೊಸೆಕೆಂಡ್, ಅವರ ಎಲ್3ಗೆ ಸುಮಾರು 5. ಮುಂದಿನ ಎಲ್4 ಅನ್ನು ಅಸೆಂಬ್ಲಿ ಭಾಷೆಯಲ್ಲೇ ಬರೆದರು. ಆ ತಾಳ್ಮೆ ನಮಗೆ ಊಹಿಸಲೂ ಕಷ್ಟ! 1999ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ಪ್ರಾಧ್ಯಾಪಕರಾದರು. ಎರಡೇ ವರ್ಷಕ್ಕೆ, 48ನೇ ವಯಸ್ಸಿನಲ್ಲಿ ತೀರಿಕೊಂಡರು. ಎಲ್4 ವಂಶದ ಕರ್ನಲ್‌ಗಳು ಮುಂದೆ ಕೋಟಿಗಟ್ಟಲೆ ಮೊಬೈಲ್‌ಗಳೊಳಗೆ ಸೇರಿಕೊಂಡವು.