ಸಿಂಹ ಕಚ್ಚಿದ ತೋಳು

ಮಕ್ಕಳೇ, ಡೇವಿಡ್ ಲಿವಿಂಗ್‌ಸ್ಟನ್ ಹೆಸರು ಕೇಳಿದ್ದೀರಾ? 1813ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಇವರು ಹತ್ತನೇ ವಯಸ್ಸಿಗೇ ಹತ್ತಿ ಗಿರಣಿ ಸೇರಿ, ದುಡಿಯುತ್ತಲೇ ಓದಿ ವೈದ್ಯರಾದರು. 1841ರಲ್ಲಿ ಧರ್ಮಪ್ರಚಾರಕರಾಗಿ ಆಫ್ರಿಕಾಕ್ಕೆ ಬಂದಿಳಿದರು.

1844ರಲ್ಲಿ ಸಿಂಹವೊಂದು ಅವರ ಎಡತೋಳನ್ನು ಕಚ್ಚಿ ಜಗ್ಗಾಡಿತು. ಮುರಿದ ಮೂಳೆ ಸರಿಯಾಗಿ ಕೂಡಿಕೊಳ್ಳಲಿಲ್ಲ. ನಿಮಗೆ ಅಚ್ಚರಿಯಾಗಬಹುದು, ಅವರನ್ನು ಹೆಚ್ಚು ಕಾಡಿದ್ದು ಸಿಂಹವಲ್ಲ, ಮಲೇರಿಯಾ! ಅದು ಸೊಳ್ಳೆಯಿಂದ ಹರಡುತ್ತದೆಂದು ಆಗ ತಿಳಿದಿರಲಿಲ್ಲ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ರೊನಾಲ್ಡ್ ರಾಸ್ ನಮ್ಮ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ.

ಸಿಂಕೋನಾ ಮರದ ತೊಗಟೆಯಿಂದ ತೆಗೆಯುವ ಕ್ವಿನೈನ್ ಬೆರೆಸಿ ಲಿವಿಂಗ್‌ಸ್ಟನ್ ಗುಳಿಗೆ ಮಾಡುತ್ತಿದ್ದರು. ಆದರೂ 1862ರಲ್ಲಿ ಜಾಂಬೆಜಿ ನದಿಯ ದಂಡೆಯಲ್ಲಿ ಪತ್ನಿ ಮೇರಿ ಜ್ವರದಿಂದ ತೀರಿಕೊಂಡರು. 1867ರಲ್ಲಿ ಹೊರೆಯಾಳೊಬ್ಬ ಔಷಧಿ ಪೆಟ್ಟಿಗೆಯೊಂದಿಗೆ ಓಡಿಹೋದ. ಕಾಡಿನ ನಡುವೆ ವೈದ್ಯರಿದ್ದಾರೆ, ಮದ್ದಿಲ್ಲ!

ಜ್ವರ, ರಕ್ತಭೇದಿಗಳಿಂದ ಬಳಲಿ 1873ರಲ್ಲಿ ಈಗಿನ ಜಾಂಬಿಯಾದ ಹಳ್ಳಿಯೊಂದರಲ್ಲಿ ಅವರು ಕೊನೆಯುಸಿರೆಳೆದರು. ಸಂಗಡಿಗರಾದ ಚುಮಾ, ಸುಸಿ ಮೊದಲಾದವರು ದೇಹವನ್ನು ಬಿಸಿಲಿನಲ್ಲಿ ಒಣಗಿಸಿ, ತಿಂಗಳುಗಟ್ಟಲೆ ನಡೆದು ಕಡಲತೀರಕ್ಕೆ ಹೊತ್ತು ತಂದರು. ಅದು ಲಂಡನ್ ತಲುಪಿದ್ದು 1874ರಲ್ಲಿ. ಇದು ಲಿವಿಂಗ್‌ಸ್ಟನ್ನರದೇ ಎಂದು ಗುರುತಿಸುವುದು ಹೇಗೆ? ವೈದ್ಯರು ಎಡತೋಳನ್ನು ಪರೀಕ್ಷಿಸಿದರು. ಮೂವತ್ತು ವರ್ಷಗಳ ಹಿಂದೆ ಸಿಂಹ ಮುರಿದಿದ್ದ ಮೂಳೆ ಅಲ್ಲಿತ್ತು.