ಫ್ಯಾನಿ ಕೆಂಬಲ್ಲಳ ಜೀವಿತ ಚರಿತ್ರೆ

ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳನ್ನು ಪಾಠದ ಪುಸ್ತಕದಲ್ಲಿ ಓದಿದವರು ನಮ್ಮಲ್ಲಿ ಅನೇಕರುಂಟು. ಅವುಗಳನ್ನು ರಂಗದ ಮೇಲೆ ಆಡಿ ಕೀರ್ತಿ ಪಡೆದವರ ಹೆಸರುಗಳನ್ನು ಬಲ್ಲವರು ವಿರಳ. ಹಾಗೆ ಕೀರ್ತಿ ಪಡೆದವರೊಳಗೆ, ಪರದೆಯಿಲ್ಲದೆ, ಜೊತೆಯ ನಟರಿಲ್ಲದೆ, ಒಂದು ಮೇಜಿನ ಮುಂದೆ ಕುಳಿತು ಬರಿಯ ಕಂಠಸ್ವರದಿಂದಲೇ ಇಡೀ ನಾಟಕವನ್ನು ಸಭಿಕರ ಮನಸ್ಸಿನಲ್ಲಿ ನಿಲ್ಲಿಸಿದ ಸ್ತ್ರೀಯೊಬ್ಬಳಿದ್ದಳು. ಆಕೆಯೇ ಫ್ಯಾನಿ ಕೆಂಬಲ್. ಆದರೆ ಆಕೆಯ ಅಭಿನಯ ಚಾತುರ್ಯವೊಂದನ್ನೇ ಹೊಗಳುವುದಕ್ಕಾಗಿ ನಾವು ಈ ಚರಿತ್ರೆಯನ್ನು ಬರೆಯಲು ತೊಡಗಿಲ್ಲ. ಒಳ್ಳೆಯ ನಟಿಯರು ಅನೇಕರಾಗಿ ಹೋಗಿದ್ದಾರೆ. ತನ್ನ ಅನ್ನವನ್ನು ಕೊಟ್ಟ ಮನೆಯ ಅನ್ಯಾಯವನ್ನು ಕಂಡು, ಅದನ್ನು ಬರೆದಿಟ್ಟು, ಅದಕ್ಕಾಗಿ ಮಕ್ಕಳ ಅಗಲಿಕೆಯನ್ನು ಸಹಿಸಿದವರು ಅಷ್ಟು ಮಂದಿಯಿಲ್ಲ.

ಫ್ಯಾನಿಯು 1809ನೆಯ ಇಸವಿ ನವೆಂಬರ್ ತಿಂಗಳ 27ನೆಯ ತಾರೀಖಿನಲ್ಲಿ ಲಂಡನ್ ನಗರದಲ್ಲಿ ಜನಿಸಿದಳು. ಕೆಂಬಲ್ ಎಂಬುದು ಆ ಕಾಲದ ಇಂಗ್ಲೆಂಡಿನಲ್ಲಿ ನಾಟಕರಂಗಕ್ಕೆ ಮತ್ತೊಂದು ಹೆಸರೇ ಆಗಿತ್ತೆಂದರೆ ತಪ್ಪಾಗದು. ಪ್ರಖ್ಯಾತಳಾದ ಸಾರಾ ಸಿಡನ್ಸ್ ಈಕೆಯ ಸೋದರತ್ತೆ. ಜಾನ್ ಫಿಲಿಪ್ ಕೆಂಬಲ್ ದೊಡ್ಡಪ್ಪ. ತಂದೆಯಾದ ಚಾರ್ಲ್ಸ್ ಕೆಂಬಲ್ಲನೂ ತಾಯಿಯೂ ನಟರು. ಇಷ್ಟಾದರೂ ಹುಡುಗಿಗೆ ನಟಿಯಾಗಬೇಕೆಂಬ ಆಸೆಯಿರಲಿಲ್ಲ. ಫ್ರಾನ್ಸ್ ದೇಶದ ಶಾಲೆಗಳಲ್ಲಿ ವಿದ್ಯಾಭ್ಯಾಸ ಮಾಡಿ ಬಂದ ಆಕೆಯ ಮನಸ್ಸು ಬರವಣಿಗೆಯ ಕಡೆಗೆ ಹರಿದಿತ್ತು. ಕುಳ್ಳಾದ ಮೈಕಟ್ಟು, ಸಿಡುಬಿನ ಕಲೆಗಳುಳ್ಳ ಮುಖ. ರಂಗಕ್ಕೆ ಇವು ಅನುಕೂಲವಾದ ಲಕ್ಷಣಗಳಲ್ಲವೆಂದು ಯಾರಾದರೂ ಹೇಳಬಹುದಾಗಿತ್ತು.

ಆಕೆಯನ್ನು ರಂಗಕ್ಕೆ ತಂದದ್ದು ಸಾಲ. ಚಾರ್ಲ್ಸ್ ಕೆಂಬಲ್ಲನು ಲಂಡನ್ನಿನ ಕೋವೆಂಟ್ ಗಾರ್ಡನ್ ನಾಟಕಶಾಲೆಯ ಪಾಲುದಾರನೂ ವ್ಯವಸ್ಥಾಪಕನೂ ಆಗಿದ್ದನು. 1829ರಲ್ಲಿ ಆ ನಾಟಕಶಾಲೆಯು ತೆರಿಗೆ ಬಾಕಿಗೂ ಸಾಲಗಾರರಿಗೂ ಸಿಕ್ಕಿ ಜಪ್ತಿಯಾಗಿ, ಹರಾಜಿನ ಕಾಗದಗಳನ್ನು ಅದರ ಗೋಡೆಗಳಿಗೆ ಅಂಟಿಸಲಾಯಿತು. ಮನೆಯವರು ಕೊನೆಯ ಉಪಾಯವಾಗಿ 19 ವರುಷದ ಮಗಳನ್ನು ಮುಂದಕ್ಕೆ ತಂದರು. ಕೆಲವೇ ವಾರಗಳ ಅಭ್ಯಾಸದ ತರುವಾಯ, ಅಕ್ಟೋಬರ್ 5ನೆಯ ತಾರೀಖಿನ ರಾತ್ರಿ ಆಕೆಯು ಜೂಲಿಯೆಟ್ಟಳ ಪಾತ್ರವನ್ನು ಧರಿಸಿ ರಂಗವನ್ನು ಪ್ರವೇಶಿಸಿದಳು. ತಂದೆಯು ಮರ್ಕ್ಯೂಷಿಯೋ ಪಾತ್ರವನ್ನೂ, ಎಷ್ಟೋ ವರುಷಗಳ ಹಿಂದೆ ರಂಗವನ್ನು ಬಿಟ್ಟಿದ್ದ ತಾಯಿಯು ಜೂಲಿಯೆಟ್ಟಳ ತಾಯಿಯ ಪಾತ್ರವನ್ನೂ ವಹಿಸಿದರು. ಮಗಳು ಮೊದಮೊದಲು ಭಯದಿಂದ ನಡುಗಿದಳಾದರೂ ನಾಟಕವು ಮುಂದುವರಿದಂತೆ ತನ್ನನ್ನೇ ಮರೆತಳು. ಆ ರಾತ್ರಿಯೇ ಆಕೆಯ ಹೆಸರು ಲಂಡನ್ನಿನಲ್ಲೆಲ್ಲಾ ಹಬ್ಬಿತು. ಸರ್ ಥಾಮಸ್ ಲಾರೆನ್ಸ್ ಎಂಬ ಪ್ರಸಿದ್ಧ ಚಿತ್ರಕಾರನು ಆಕೆಯ ಚಿತ್ರವನ್ನು ಬರೆದನು. ಹೀಗೆ ಮುಂದಿನ ಮೂರು ವರುಷ ತಂದೆಯ ನಾಟಕಶಾಲೆಯನ್ನು ಈ ಹುಡುಗಿಯ ದುಡಿಮೆಯು ನಿಲ್ಲಿಸಿತು. ಆಕೆಯು ಸ್ವತಃ ಬರೆದ ನಾಟಕವೊಂದನ್ನೂ 1832ರಲ್ಲಿ ಅಲ್ಲಿ ಆಡಿದರು.

ಈ ದಿವಸಗಳ ಒಂದು ಸಂಗತಿಯನ್ನು, ನಮ್ಮ ವಿಷಯಕ್ಕೆ ಸೇರದಿದ್ದರೂ, ಬಿಟ್ಟುಬಿಡಲು ನಮಗೆ ಮನಸ್ಸು ಬಾರದು. 1830ರಲ್ಲಿ ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವಿನ ಉಗಿಬಂಡಿಯ ದಾರಿಯು ಸಾರ್ವಜನಿಕರಿಗೆ ತೆರೆಯುವುದಕ್ಕೆ ಮುಂಚೆಯೇ, ಅದನ್ನು ನಿರ್ಮಿಸಿದ ಜಾರ್ಜ್ ಸ್ಟೀವನ್‌ಸನ್ನನು ಈಕೆಯನ್ನು ಎಂಜಿನಿನ ಮೇಲೆ ತನ್ನ ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಓಡಿಸಿದನು. ಹೆದರುವುದಕ್ಕೆ ಬದಲಾಗಿ ಆಕೆಯು ಆ ಯಂತ್ರದ ಒಂದೊಂದು ಅಂಗದ ಕೆಲಸವನ್ನೂ ಕೇಳಿ ತಿಳಿದು, ಸ್ನೇಹಿತೆಗೆ ದೀರ್ಘವಾದ ಕಾಗದವನ್ನು ಬರೆದಳು. ಕಂಡದ್ದನ್ನು ಕೇಳಿ ತಿಳಿದು ಬರೆದಿಡುವ ಈ ಅಭ್ಯಾಸವು ಮುಂದೆ ಎಷ್ಟು ದೊಡ್ಡ ಕಾರ್ಯಕ್ಕೆ ಸಲ್ಲುವುದೆಂದು ಆಗ ಯಾರು ತಾನೇ ಎಣಿಸಿದ್ದರು?

1832ರಲ್ಲಿ ತಂದೆಯೂ ಮಗಳೂ ಹಣ ಸಂಪಾದನೆಗಾಗಿ ಅಮೇರಿಕಾ ದೇಶಕ್ಕೆ ಹೋದರು. ಜೊತೆಯಲ್ಲಿ ಹೋಗಿದ್ದ ಪ್ರೀತಿಯ ಚಿಕ್ಕಮ್ಮನು ಬಂಡಿ ಮಗುಚಿ ಆದ ಪೆಟ್ಟಿನ ದೆಸೆಯಿಂದ 1834ರಲ್ಲಿ ತೀರಿಕೊಂಡಳು. ಅದೇ ವರುಷ ಜೂನ್ 7ರಂದು ಫ್ಯಾನಿಯು ಫಿಲಡೆಲ್ಫಿಯಾ ನಗರದ ಪಿಯರ್ಸ್ ಬಟ್ಲರ್ ಎಂಬ ಧನಿಕ ತರುಣನನ್ನು ವಿವಾಹವಾಗಿ ರಂಗವನ್ನು ಬಿಟ್ಟಳು. 1835ರಲ್ಲಿ ಸಾರಾ ಎಂಬ ಮಗಳೂ, 1838ರಲ್ಲಿ ಫ್ರಾನ್ಸಿಸ್ ಎಂಬ ಮಗಳೂ ಹುಟ್ಟಿದರು. ಬಟ್ಲರನ ಕುಟುಂಬದ ಐಶ್ವರ್ಯವು ಎಲ್ಲಿಂದ ಬಂತೆಂಬುದನ್ನು ಮದುವೆಯ ಕಾಲದಲ್ಲಿ ತಾನು ಅರಿತಿರಲಿಲ್ಲವೆಂದು ಆಕೆಯೇ ಬರೆದಿದ್ದಾಳೆ. ಅದು ಜಾರ್ಜಿಯಾ ಸಂಸ್ಥಾನದ ಅಲ್ಟಮಾಹಾ ನದಿಯ ಮುಖದಲ್ಲಿದ್ದ ಬತ್ತದ ಗದ್ದೆಗಳಿಂದಲೂ ಸೇಂಟ್ ಸೈಮನ್ಸ್ ದ್ವೀಪದ ಹತ್ತಿಯ ಹೊಲಗಳಿಂದಲೂ ಬರುತ್ತಿತ್ತು. ಅವುಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ವಂಶದ ನೂರಾರು ಗುಲಾಮರು. 1836ರಲ್ಲಿ ಪಿಯರ್ಸನೂ ಅವನ ಅಣ್ಣನೂ ಆ ಆಸ್ತಿಗೆ ಬಾಧ್ಯರಾದರು.

1838ರ ಡಿಸೆಂಬರಿನಲ್ಲಿ ಫ್ಯಾನಿಯು ಗಂಡನೊಡನೆಯೂ ಇಬ್ಬರು ಎಳೆಯ ಮಕ್ಕಳೊಡನೆಯೂ ಅಲ್ಲಿಗೆ ಹೋಗಿ ಸುಮಾರು ನಾಲ್ಕು ತಿಂಗಳಿದ್ದಳು. ಅಲ್ಲಿ ಕಂಡದ್ದನ್ನೆಲ್ಲಾ ಸ್ನೇಹಿತೆಗೆ ಬರೆಯುವ ಪತ್ರಗಳ ರೂಪದಲ್ಲಿ ದಿನಚರಿಯಾಗಿ ಬರೆದಳು. ಗುಲಾಮರ ಆಸ್ಪತ್ರೆಯೆಂಬ ಮನೆಗೆ ಹೋದಾಗ ಮಂಚವಿಲ್ಲದೆ, ಹಾಸಿಗೆಯಿಲ್ಲದೆ, ರೋಗದ ಹೆಂಗಸರು ಬರಿಯ ನೆಲದ ಮೇಲೆ ಬಿದ್ದಿದ್ದರು. ಹೆರಿಗೆಯಾದ ಮೂರು ವಾರಕ್ಕೇ ಬಾಣಂತಿಯರನ್ನು ಗುದ್ದಲಿ ಹಿಡಿದು ಹೊಲಕ್ಕೆ ಹೊರಡಿಸುತ್ತಿದ್ದರು. ಒಂದು ತಿಂಗಳಾದರೂ ವಿಶ್ರಾಂತಿ ದೊರಕಿಸಬೇಕೆಂದು ಆ ಬಡ ತಾಯಿಯರು ಗುಂಪಾಗಿ ಬಂದು ಈಕೆಯ ಮುಂದೆ ಬೇಡಿಕೊಂಡರು. ಬಂದ ಒಬ್ಬೊಬ್ಬಳ ಹೆಸರನ್ನೂ, ಹೆತ್ತ ಮಕ್ಕಳೆಷ್ಟು, ಸತ್ತವರೆಷ್ಟು ಎಂಬುದನ್ನೂ ಆಕೆಯು ಲೆಕ್ಕವಾಗಿ ಬರೆದುಕೊಂಡಳು. ನಮ್ಮ ಅಭಿಪ್ರಾಯದಲ್ಲಿ ಆ ಗ್ರಂಥದಲ್ಲಿ ಇದಕ್ಕಿಂತ ಘೋರವಾದ ಪುಟವಿಲ್ಲ. ಅದರಲ್ಲಿ ಒಂದು ಅಲಂಕಾರದ ಮಾತೂ ಇಲ್ಲ.

ಆಕೆಯ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಸೈಕೀ ಎಂಬ ದಾಸಿಗೆ ಜೋ ಎಂಬ ಗಂಡನಿದ್ದನು. ಬಟ್ಲರನು ಆ ಜೋವನ್ನು, ಅಲಬಾಮಾಕ್ಕೆ ಹೊರಟಿದ್ದ ಹಳೆಯ ಪಾರುಪತ್ಯಗಾರನಿಗೆ ಉಡುಗೊರೆಯಾಗಿ ಕೊಟ್ಟುಬಿಟ್ಟನು! ಸೈಕೀಯೂ ಆಕೆಯ ಮಕ್ಕಳೂ ಬೇರೆಯವರ ಸೊತ್ತು. ಗಂಡಹೆಂಡಿರು ಈ ಜನ್ಮದಲ್ಲಿ ಮತ್ತೆ ಕಾಣದಂತೆ ಅಗಲಬೇಕಾಯಿತು. ಫ್ಯಾನಿಯು ಕಣ್ಣೀರಿಟ್ಟು ಗಂಡನೊಡನೆ ವಾದಿಸಿದ ಮೇಲೆ ಅವನು ಸೈಕೀಯನ್ನೂ ಮಕ್ಕಳನ್ನೂ ತಾನೇ ಕೊಂಡುಕೊಂಡು ಆ ಸಂಸಾರವನ್ನು ಒಂದಾಗಿ ಉಳಿಸಿದನು. ಆದರೆ ಬೇಡಿಕೆಗಳು ಹೆಚ್ಚಿದಂತೆ ಅವನ ತಾಳ್ಮೆ ತೀರಿ, ಗುಲಾಮರ ಅಹವಾಲುಗಳನ್ನು ಇನ್ನು ತನ್ನ ಬಳಿಗೆ ತರಕೂಡದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದನು. ಗುಲಾಮರಿಗೆ ಓದು ಕಲಿಸುವುದು ಆ ಸಂಸ್ಥಾನದಲ್ಲಿ ಕಾನೂನಿಗೆ ವಿರೋಧವಾಗಿತ್ತು. ಅಲೆಕ್ ಎಂಬ ಹುಡುಗನು ಅಕ್ಷರ ಕಲಿಸಬೇಕೆಂದು ಕೇಳಿದಾಗ, ಆಕೆಯು ಹಿಂದುಮುಂದು ಯೋಚಿಸಿ ಕಲಿಸಲಾರಂಭಿಸಿದಳು. ಹೆಂಡತಿಗೆ ಸ್ವಂತ ಆಸ್ತಿಯೇ ಇಲ್ಲವಾದುದರಿಂದ ದಂಡವನ್ನು ಗಂಡನೇ ತೆರಬೇಕಾದೀತೆಂದು ತಮಾಷೆಯಾಗಿಯೂ ಬರೆದಳು. ಆ ತಮಾಷೆಯ ಮುಳ್ಳು ಮುಂದೆ ಆಕೆಗೇ ಚುಚ್ಚಲಿತ್ತು.

ಯಾತಕ್ಕೆಂದರೆ, ವಿವಾಹಿತ ಸ್ತ್ರೀಗೆ ಆ ಕಾಲದ ಕಾನೂನಿನಲ್ಲಿ ಆಸ್ತಿಯ ಮೇಲೂ ಮಕ್ಕಳ ಮೇಲೂ ಹಕ್ಕಿರಲಿಲ್ಲ. ಗಂಡಹೆಂಡಿರ ಮನಸ್ಸು ಮುರಿದು, 1845ರಲ್ಲಿ ಆಕೆಯು ಒಬ್ಬಳೇ ಇಂಗ್ಲೆಂಡಿಗೆ ಹಿಂದಿರುಗಿ, ಮುಂದಿನ ಚಳಿಗಾಲವನ್ನು ತಂಗಿಯ ಬಳಿ ರೋಮ್ ನಗರದಲ್ಲಿ ಕಳೆದಳು. ಜೀವನಕ್ಕಾಗಿ 1847ರಲ್ಲಿ ಪುನಃ ರಂಗವನ್ನು ಏರಿದಳು. ಬಟ್ಲರನು ಹೆಂಡತಿಯು ತನ್ನನ್ನು ತ್ಯಜಿಸಿಹೋದಳೆಂದು ದಾವೆ ಹೂಡಿ 1849ರಲ್ಲಿ ವಿವಾಹ ವಿಚ್ಛೇದನವನ್ನು ಪಡೆದನು. ಹೆಣ್ಣುಮಕ್ಕಳು 21 ವರುಷ ತುಂಬುವವರೆಗೆ ತಂದೆಯ ವಶದಲ್ಲಿಯೇ ಉಳಿದರು.

ಮಧ್ಯವಯಸ್ಸಿನಲ್ಲಿ, ಮನೆ ಮಕ್ಕಳಿಲ್ಲದೆ ನಿಂತ ಈಕೆಗೆ ಉಳಿದದ್ದು ಕಂಠವೊಂದೇ. ತಂದೆಯು ರಂಗವನ್ನು ಬಿಟ್ಟ ಮೇಲೆ ಷೇಕ್ಸ್‌ಪಿಯರನ ನಾಟಕಗಳನ್ನು ಸಭೆಗಳಲ್ಲಿ ಓದುತ್ತಿದ್ದನು. 1848ರಿಂದ ಮಗಳು ಆ ವೃತ್ತಿಯನ್ನು ಹಿಡಿದಳು. ಸುಮಾರು 20 ವರುಷಗಳ ಕಾಲ ಇಂಗ್ಲೆಂಡಿನ ಮತ್ತು ಅಮೇರಿಕದ ಪಟ್ಟಣಗಳಲ್ಲಿ ಈ ವಾಚನಗಳು ನಡೆದವು. ಮುದಿ ಲಿಯರ್ ರಾಜನ ಗುಡುಗು, ವಿದೂಷಕನ ಕುಚೇಷ್ಟೆ, ಕಾರ್ಡೀಲಿಯಳ ಮೆಲುದನಿ, ಎಲ್ಲವೂ ಒಂದೇ ಬಾಯಿಂದ ಹೊರಡುತ್ತಿದ್ದವು. ಆ ನಾಟಕದ ದಿವಸ ಕಪ್ಪು ಮಖಮಲ್ಲಿನ ಉಡುಪು. ನಡುಬೇಸಗೆಯ ಇರುಳಿನ ಕನಸನ್ನು ಓದುವ ದಿವಸ ಬಿಳಿಯ ರೇಶ್ಮೆ. ಜನರಿಗೆ ಪ್ರಿಯವಾದ ನಾಲ್ಕೈದು ನಾಟಕಗಳನ್ನೇ ತಿರುತಿರುಗಿ ಓದಿದರೆ ಹಣವು ಹೆಚ್ಚಾಗಿ ಬರುತ್ತಿತ್ತು. ಆಕೆಯು ಅದಕ್ಕೊಪ್ಪದೆ 24 ನಾಟಕಗಳನ್ನು ಸರದಿಯ ಮೇಲೆ ಓದುವ ನಿಯಮವನ್ನಿಟ್ಟುಕೊಂಡಳು. ಹಣದ ಅವಶ್ಯಕತೆಯಿದ್ದವಳ ಈ ಹಟವನ್ನು ನಾವು ಮೆಚ್ಚುತ್ತೇವೆ. ಲಾಂಗ್‌ಫೆಲೋ ಕವಿಯು ವಾಚನವನ್ನು ಕೇಳಿ ಆಕೆಯ ಮೇಲೆ ಒಂದು ಕವನವನ್ನೇ ರಚಿಸಿದನು. ಮ್ಯಾಸಚೂಸೆಟ್ಸ್ ಸಂಸ್ಥಾನದ ಲೆನಾಕ್ಸ್ ಗ್ರಾಮದಲ್ಲಿ ಆಕೆಯು ಒಂದು ಮನೆಯನ್ನು ಮಾಡಿಕೊಂಡಳು. ಅಲ್ಲಿಯ ಗುಡ್ಡದ ಮೇಲಿನ ದೇವಾಲಯದ ಗೋಪುರಕ್ಕೆ ಗಡಿಯಾರವನ್ನೂ ಕೊಡಿಸಿದಳು.

ಬಟ್ಲರನಾದರೋ ಜೂಜಿನಲ್ಲಿಯೂ ವ್ಯಾಪಾರದಲ್ಲಿಯೂ ಆಸ್ತಿಯನ್ನು ಕಳೆದನು. ಸಾಲ ತೀರಿಸುವುದಕ್ಕಾಗಿ 1859ನೆಯ ಇಸವಿ ಮಾರ್ಚ್ 2 ಮತ್ತು 3ರಂದು ಸವಾನಾ ಪಟ್ಟಣದ ಬಳಿಯ ಕುದುರೆ ಪಂದ್ಯದ ಬಯಲಿನಲ್ಲಿ ಅವನ ಪಾಲಿನ 400ಕ್ಕೂ ಹೆಚ್ಚು ಮಂದಿ ಗುಲಾಮರನ್ನು ಹರಾಜು ಹಾಕಿದರು. ಎರಡು ದಿವಸವೂ ಮಳೆ ಸುರಿಯುತ್ತಿತ್ತು. ಮೂರು ಲಕ್ಷ ಡಾಲರುಗಳಿಗೂ ಮಿಕ್ಕಿ ಹಣ ಬಂದಿತು. ಮಾರಾಟವಾದವರ ನಡುವೆ ಬಟ್ಲರನು ತಾನೇ ತಿರುಗಾಡಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಡಾಲರಿನಷ್ಟು ಬೆಳ್ಳಿಯ ನಾಣ್ಯಗಳನ್ನಿಟ್ಟನು. ಇಪ್ಪತ್ತು ವರುಷಗಳ ಹಿಂದೆ ಫ್ಯಾನಿಯು ಹೊಕ್ಕು ಬಳಸಿದ್ದ ಗುಡಿಸಲುಗಳ ಜನರು ಹೀಗೆ ದಿಕ್ಕುದಿಕ್ಕಿಗೆ ಚದರಿಹೋದರು.

ಆ ದಿನಚರಿಯು ಇಷ್ಟು ಕಾಲವೂ ಅಚ್ಚಾಗಿರಲಿಲ್ಲ. ಗಂಡನ ಸಮ್ಮತಿಯಿರಲಿಲ್ಲ, ಮಕ್ಕಳು ಅವನ ಕೈಯಲ್ಲಿದ್ದರು. ಅಮೇರಿಕದಲ್ಲಿ ಅಂತರ್ಯುದ್ಧವು ನಡೆಯುತ್ತಿರಲು, ಇಂಗ್ಲೆಂಡಿನ ದೊಡ್ಡವರಲ್ಲಿ ಅನೇಕರು ಗುಲಾಮಗಿರಿಯ ಪಕ್ಷವಾದ ದಕ್ಷಿಣದವರನ್ನು ಕೊಂಡಾಡುವುದನ್ನು ಕೇಳಿ ಸಹಿಸಲಾರದೆ ಆಕೆಯು 1863ರಲ್ಲಿ ಅದನ್ನು ಪ್ರಕಟಿಸಿದಳು. ಆ ಪುಸ್ತಕವೇ ಇಂಗ್ಲೆಂಡಿನ ಮನಸ್ಸನ್ನು ತಿರುಗಿಸಿತೆಂದು ಕೆಲವರು ಹೇಳುವುದುಂಟು. ಅಷ್ಟನ್ನು ನಾವು ಒಪ್ಪಲಾರೆವು. ಲಿಂಕನನ ವಿಮೋಚನೆಯ ಘೋಷಣೆಯು ಆ ವರುಷದ ಜನವರಿಯಲ್ಲಿಯೇ ಹೊರಟಿತ್ತು. ಆದರೆ ತೋಟದ ಯಜಮಾನನ ಮನೆಯೊಳಗಿಂದಲೇ, ಅದೂ ಯಜಮಾನಿತಿಯ ಕೈಯಿಂದ ಬಂದ ಇಂಥ ಸಾಕ್ಷಿಯನ್ನು ತಳ್ಳಿಹಾಕುವುದು ಯಾರಿಗೂ ಸುಲಭವಾಗಿರಲಿಲ್ಲ.

ಈ ವಿವಾದವು ಮಕ್ಕಳನ್ನೂ ಇಬ್ಭಾಗ ಮಾಡಿತು. ಹಿರಿಯಳಾದ ಸಾರಾ ಉತ್ತರದವರ ಪಕ್ಷ. ಮುಂದೆ ಕಾದಂಬರಿಕಾರನಾಗಿ ಹೆಸರಾದ ಓವೆನ್ ವಿಸ್ಟರ್ ಆಕೆಯ ಮಗನು. ಕಿರಿಯಳಾದ ಫ್ರಾನ್ಸಿಸ್ ತಂದೆಯ ಪಕ್ಷ. 1867ರಲ್ಲಿ ತಂದೆಯು ಸತ್ತ ಬಳಿಕ ಅವಳೇ ಆ ಗದ್ದೆಗಳ ಆಡಳಿತವನ್ನು ವಹಿಸಿ, ತಾಯಿಯ ಗ್ರಂಥಕ್ಕೆ ಉತ್ತರವೆಂಬಂತೆ 1883ರಲ್ಲಿ ತಾನೂ ಒಂದು ಪುಸ್ತಕವನ್ನು ಹೊರಡಿಸಿದಳು. ಫ್ಯಾನಿಯು 1877ರಲ್ಲಿ ಇಂಗ್ಲೆಂಡಿಗೆ ಮರಳಿ, ತನ್ನ ಹಳೆಯ ಕಾಗದಗಳಿಂದ ಆತ್ಮಚರಿತ್ರೆಯ ಸಂಪುಟಗಳನ್ನು ಬರೆದು, 80ನೆಯ ವಯಸ್ಸಿನ ಹತ್ತಿರ ಒಂದು ಕಾದಂಬರಿಯನ್ನೂ ಬರೆದಳು. ಮುಪ್ಪಿನ ಕಾಲದಲ್ಲಿ ಆಕೆಗೆ ಆಸರೆಯಾದವಳು, ಆಂಗ್ಲ ಪಾದ್ರಿಯೊಬ್ಬರನ್ನು ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆ ಕಿರಿಯ ಮಗಳೇ. 1893ನೆಯ ಇಸವಿ ಜನವರಿ 15ರಂದು ಲಂಡನ್ನಿನಲ್ಲಿ ಆಕೆಯು ಕಾಲವಾದಳು. ತಂದೆಯ ಸಮಾಧಿಯಿರುವ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಆಕೆಯನ್ನು ಹೂಳಿದರು.